ಸಕ್ಕರೆ ಬಿಟ್ಟರೆ ಗಡ್ಡೆ ಕರಗುತ್ತದೆಯೇ? ಮೆಟಬೊಲೈಟ್‌ಗಳು ಕ್ಯಾನ್ಸರನ್ನು ಬೆಳೆಸುವ, ಹರಡಿಸುವ ಬಗೆ

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಶನ್ ಆಗಿ ಈಗ ಕೀಮೋ ನಡೆಯುತ್ತಿದೆ. ಪೆಟ್ ಸ್ಕ್ಯಾನ್ ಮಾಡುವಾಗ ಸಕ್ಕರೆಯಂಥ ಔಷಧಿ ಚುಚ್ಚುತ್ತಾರೆ, ಕ್ಯಾನ್ಸರ್ ಅದನ್ನು ಹೀರಿಕೊಳ್ಳುತ್ತದೆ ಎಂದು ಗೊತ್ತಾದ ಮೇಲೆ ಮನೆಯಲ್ಲಿ ಸಕ್ಕರೆ, ಬೆಲ್ಲ, ಹಣ್ಣು, ಅನ್ನ ಎಲ್ಲವನ್ನೂ ನಿಲ್ಲಿಸಿದ್ದಾರೆ. ಬೆಳಿಗ್ಗೆ ಅಡುಗೆ ಸೋಡಾ ಹಾಕಿದ ನೀರು, ರಾತ್ರಿ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಕೊಡುತ್ತಿದ್ದಾರೆ. ಒಂದೂವರೆ ತಿಂಗಳಲ್ಲಿ 53 ಕಿಲೊ ಇದ್ದ ಅಮ್ಮ 50ಕ್ಕೆ ಇಳಿದಿದ್ದಾರೆ. ಮೆಟಬೊಲೈಟ್‌ಗಳಿಂದ ಕ್ಯಾನ್ಸರ್ ಬೆಳೆಯುತ್ತದೆ, ಹರಡುತ್ತದೆ ಎಂದು ಓದಿದೆ. ಅವು ಏನು, ಹೇಗೆ ಕೆಲಸ ಮಾಡುತ್ತವೆ? ಊಟದಲ್ಲಿ ಏನನ್ನು ಬಿಡಬೇಕು?

ಉತ್ತರ: ಮೊದಲು ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ. ಅನ್ನ, ಮುದ್ದೆ, ಹಣ್ಣು ಇವತ್ತಿನ ಊಟದಿಂದಲೇ ಅಮ್ಮನ ತಟ್ಟೆಗೆ ವಾಪಸ್ ಬರಲಿ. ಸೋಡಾ ನೀರು ನಿಲ್ಲಲಿ. ಆ ಮಾತ್ರೆಗಳ ಡಬ್ಬಿಯನ್ನು ಮುಂದಿನ ಸಲ ಕೀಮೋಗೆ ಹೋಗುವಾಗ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಕೊಡಬೇಡಿ. 53ರಿಂದ 50ಕ್ಕೆ ಎಂದರೆ ಶೇ 5ಕ್ಕಿಂತ ಹೆಚ್ಚು ಇಳಿಕೆ. ಕೀಮೋ ನಡೆಯುವ ಹೊತ್ತಿನಲ್ಲಿ ತೂಕ ಹೀಗೆ ಇಳಿಯುವುದು, ಮನೆಯವರು ಹೆದರುತ್ತಿರುವ ಸಕ್ಕರೆಗಿಂತ ದೊಡ್ಡ ಅಪಾಯ. ಕಳೆದುಹೋಗುವ ಆ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಇರುತ್ತದೆ. ಸ್ನಾಯು ಕರಗಿದವರಿಗೆ ಕೀಮೋದ ಅಡ್ಡಪರಿಣಾಮ ಹೆಚ್ಚು, ಡೋಸ್ ಕಡಿಮೆ ಮಾಡಬೇಕಾದ ಅಥವಾ ಮುಂದಕ್ಕೆ ಹಾಕಬೇಕಾದ ಸಂದರ್ಭವೂ ಹೆಚ್ಚು.

ಇನ್ನು ನೀವು ಕೇಳಿದ ವಿಷಯ. ನಾವು ತಿಂದದ್ದನ್ನು ಜೀವಕೋಶ ಒಡೆದು, ಬೇಕಾದದ್ದನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಈ ಚಯಾಪಚಯ ಕ್ರಿಯೆಯ ದಾರಿಯುದ್ದಕ್ಕೂ ಸಿಗುವ ಸಣ್ಣ ಅಣುಗಳೇ ಮೆಟಬೊಲೈಟ್‌ಗಳು. ಗ್ಲೂಕೋಸ್, ಲ್ಯಾಕ್ಟೇಟ್, ಅಮೈನೊ ಆಮ್ಲಗಳು, ಕೊಬ್ಬಿನಾಮ್ಲಗಳು, ಸಕ್ಸಿನೇಟ್, ಹೀಗೆ ಸಾವಿರಾರು ಇವೆ. ಆರೋಗ್ಯವಂತರ ಮೈಯಲ್ಲೂ ಹೆಚ್ಚುಕಡಿಮೆ ಇವೇ ಇರುತ್ತವೆ. ಕ್ಯಾನ್ಸರ್ ಕೋಶದಲ್ಲಿ ಬದಲಾಗುವುದು ಯಾವ ಅಣು ಎಷ್ಟು ಪ್ರಮಾಣದಲ್ಲಿ, ಎಲ್ಲಿ ಗುಡ್ಡೆಯಾಗುತ್ತದೆ ಎನ್ನುವುದು. ಅದನ್ನು ನಿರ್ಧರಿಸುವುದು ಆ ಕೋಶದ ಕಿಣ್ವಗಳು ಮತ್ತು ಜೀನ್‌ಗಳು. ಊಟದ ತಟ್ಟೆಗೆ ಅಲ್ಲಿ ಇರುವ ಅಧಿಕಾರ ಬಹಳ ಕಡಿಮೆ.

ಪೆಟ್ ಸ್ಕ್ಯಾನ್‌ನಿಂದಲೇ ಶುರು ಮಾಡೋಣ, ಏಕೆಂದರೆ ನಿಮ್ಮ ಮನೆಯ ಹೆದರಿಕೆ ಹುಟ್ಟಿದ್ದು ಅಲ್ಲಿ. ಚುಚ್ಚುವ ವಸ್ತುವಿನ ಹೆಸರು ಫ್ಲೋರೋಡಿಆಕ್ಸಿಗ್ಲೂಕೋಸ್. ಗ್ಲೂಕೋಸ್ ಅಣುವಿನ ಎರಡನೇ ಇಂಗಾಲದಲ್ಲಿರುವ ಆಮ್ಲಜನಕ-ಹೈಡ್ರೋಜನ್ ಜೋಡಿಯನ್ನು ತೆಗೆದು ಅಲ್ಲಿ ವಿಕಿರಣ ಸೂಸುವ ಫ್ಲೋರಿನ್-18 ಕೂರಿಸಿರುತ್ತಾರೆ. ಕೋಶದ ಬಾಗಿಲು ಇದನ್ನು ಗ್ಲೂಕೋಸ್ ಎಂದೇ ಒಳಗೆ ಬಿಡುತ್ತದೆ. ಹೆಕ್ಸೋಕೈನೇಸ್ ಎಂಬ ಕಿಣ್ವ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಮುಂದಿನ ಕಿಣ್ವಕ್ಕೆ ಮಾತ್ರ ಈ ಅಣು ಹೊಂದುವುದಿಲ್ಲ. ಫಾಸ್ಫೇಟ್ ಅಂಟಿದ್ದರಿಂದ ವಾಪಸ್ ಹೊರಗೂ ಬರಲಾಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸುಮಾರು ಒಂದು ಗಂಟೆ ಕಾದು ಚಿತ್ರ ತೆಗೆದರೆ ಎಲ್ಲಿ ಹೆಚ್ಚು ಸೇರಿದೆಯೋ ಅಲ್ಲಿ ಹೊಳೆಯುತ್ತದೆ. ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಮರುದಿನಕ್ಕೆ ಅದು ಹೆಸರಿಗೂ ಉಳಿದಿರುವುದಿಲ್ಲ.

ಹೊಳೆಯುವುದೆಲ್ಲ ಕ್ಯಾನ್ಸರ್ ಅಲ್ಲ ಎನ್ನುವುದನ್ನು ಇಲ್ಲೇ ಗಮನಿಸಿ. ಮೆದುಳು ಯಾವಾಗಲೂ ಹೊಳೆಯುತ್ತದೆ, ಹೃದಯ ಹಲವು ಸಲ, ಮೂತ್ರಕೋಶ ಪ್ರತಿ ಸಲ. ಆಪರೇಶನ್ ಗಾಯ ಮಾಗುತ್ತಿರುವ ಜಾಗ, ಕೀವು, ಕ್ಷಯ ತಗಲಿದ ದುಗ್ಧಗ್ರಂಥಿ ಕೂಡ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ನಮ್ಮ ದೇಶದಲ್ಲಿ ಕ್ಷಯ ಇಷ್ಟು ಇರುವುದರಿಂದ, ಹೊಳೆದ ಗ್ರಂಥಿಯಿಂದ ಸೂಜಿಯಲ್ಲಿ ತುಣುಕು ತೆಗೆದು ನೋಡದೆ 'ಹರಡಿದೆ' ಎಂದು ತೀರ್ಮಾನಿಸಿದರೆ ಎಡವಟ್ಟಾಗುತ್ತದೆ.

ಹಾಗಾದರೆ ಸಕ್ಕರೆ ನಿಲ್ಲಿಸಿದರೆ ಗಡ್ಡೆಗೆ ಗ್ಲೂಕೋಸ್ ಸಿಗುವುದಿಲ್ಲವೇ? ಸಿಗುತ್ತದೆ. ಊಟ ಬಿಟ್ಟರೂ ರಕ್ತದ ಗ್ಲೂಕೋಸ್ 70ರಿಂದ 100 ಮಿಲಿಗ್ರಾಂನ ಆಸುಪಾಸಿನಲ್ಲೇ ನಿಲ್ಲುವಂತೆ ಯಕೃತ್ತು ನೋಡಿಕೊಳ್ಳುತ್ತದೆ. ತಾನು ಕೂಡಿಟ್ಟ ಗ್ಲೂಕೋಸ್ ದಾಸ್ತಾನು, ಅಂದರೆ ಗ್ಲೈಕೋಜನ್, ಮುಗಿದ ಮೇಲೆ ಸ್ನಾಯುವಿನ ಪ್ರೋಟೀನ್ ಒಡೆದು ಬಂದ ಅಮೈನೊ ಆಮ್ಲಗಳಿಂದ, ಕೊಬ್ಬಿನ ಗ್ಲಿಸರಾಲ್‌ನಿಂದ, ಲ್ಯಾಕ್ಟೇಟ್‌ನಿಂದ ಹೊಸ ಗ್ಲೂಕೋಸ್ ಮಾಡುತ್ತದೆ. ಗಡ್ಡೆಗೆ ಸಿಗುವುದು ಸಿಕ್ಕೇ ಸಿಗುತ್ತದೆ. ಅದರ ಬೆಲೆ ಕೊಡುವುದು ಅಮ್ಮನ ತೊಡೆ, ತೋಳಿನ ಸ್ನಾಯು. ಗ್ಲೂಕೋಸ್ ಸಾಲದಾದರೆ ಕ್ಯಾನ್ಸರ್ ಕೋಶ ಗ್ಲುಟಮಿನ್, ಕೊಬ್ಬಿನಾಮ್ಲ, ಅಸಿಟೇಟ್‌ಗಳನ್ನೂ ಬಳಸಿಕೊಳ್ಳಬಲ್ಲದು.

ಕ್ಯಾನ್ಸರ್ ಕೋಶಕ್ಕೆ ಇಷ್ಟು ಗ್ಲೂಕೋಸ್ ಏಕೆ ಬೇಕು ಎನ್ನುವುದು ನೂರು ವರ್ಷದ ಪ್ರಶ್ನೆ. 1920ರ ದಶಕದಲ್ಲಿ ಬರ್ಲಿನ್ನಿನ ಓಟೊ ವಾರ್‌ಬರ್ಗ್ ಗಡ್ಡೆಯ ತೆಳು ಬಿಲ್ಲೆಗಳನ್ನು ಪರೀಕ್ಷಿಸಿ, ಆಮ್ಲಜನಕ ಸಾಕಷ್ಟಿದ್ದರೂ ಅವು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲ ಮಾಡಿ ಬಿಡುತ್ತವೆ ಎಂದು ತೋರಿಸಿದರು. ಪೂರ್ತಿ ಉರಿಸಿದರೆ ಒಂದು ಗ್ಲೂಕೋಸ್‌ನಿಂದ ಸುಮಾರು 30 ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ) ಬರುತ್ತದೆ. ಲ್ಯಾಕ್ಟೇಟ್‌ಗೇ ನಿಲ್ಲಿಸಿದರೆ ಕೈಗೆ ಸಿಗುವುದು 2. ಕೋಶದೊಳಗೆ ಇಂಧನ ಉರಿಸುವ ಒಲೆ, ಅಂದರೆ ಮೈಟೊಕಾಂಡ್ರಿಯ, ಕೆಟ್ಟಿರುವುದರಿಂದ ಹೀಗಾಗುತ್ತದೆ ಎಂದು ವಾರ್‌ಬರ್ಗ್ ಭಾವಿಸಿದ್ದರು. ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ಮೈಟೊಕಾಂಡ್ರಿಯ ಚೆನ್ನಾಗಿಯೇ ಕೆಲಸ ಮಾಡುತ್ತದೆ ಎಂದು ಆಮೇಲೆ ಗೊತ್ತಾಯಿತು. ಒಂದು ಕೋಶ ಎರಡಾಗಬೇಕಾದರೆ ಶಕ್ತಿಯಷ್ಟೇ ಸಾಲದು, ಹೊಸ ಡಿಎನ್‌ಎ, ಹೊಸ ಪೊರೆ, ಹೊಸ ಪ್ರೋಟೀನ್ ಬೇಕು. ಗ್ಲೂಕೋಸ್ ಒಡೆಯುವ ದಾರಿಯ ಮಧ್ಯದಲ್ಲೇ ಕವಲೊಡೆದು ಡಿಎನ್‌ಎಗೆ ರೈಬೋಸ್, ಪ್ರೋಟೀನ್‌ಗೆ ಸೆರೀನ್, ಪೊರೆಗೆ ಗ್ಲಿಸರಾಲ್ ತಯಾರಾಗುತ್ತವೆ. ದಾರಿ ವೇಗವಾಗಿ ಸಾಗಿದಷ್ಟೂ ಕವಲುಗಳಿಗೆ ಸರಕು ಹೆಚ್ಚು.

ಉಳಿದ ಲ್ಯಾಕ್ಟೇಟ್ ಹೊರಗೆ ಬೀಳುತ್ತದೆ. ಅದನ್ನು ಬಹಳ ಕಾಲ ಕಸ ಎಂದೇ ಲೆಕ್ಕ ಹಿಡಿದಿದ್ದರು. ರಕ್ತದಲ್ಲಿ ಲ್ಯಾಕ್ಟೇಟ್ ಸಾಮಾನ್ಯವಾಗಿ ಲೀಟರಿಗೆ 0.5ರಿಂದ 2 ಮಿಲಿಮೋಲ್. ಗಡ್ಡೆಯೊಳಗೆ 10 ದಾಟುವುದು ಮಾಮೂಲು. ಅದರ ಜೊತೆ ಹೊರಬೀಳುವ ಆಮ್ಲದಿಂದ ಗಡ್ಡೆಯ ಸುತ್ತಲಿನ ಪಿಎಚ್ 7.4ರಿಂದ 6.5–6.9ಕ್ಕೆ ಇಳಿಯುತ್ತದೆ. ಇದರ ಪರಿಣಾಮ ಹಲವು ಕಡೆ ಏಕಕಾಲಕ್ಕೆ ಆಗುತ್ತದೆ. ಹುಳಿಯಾದ ಜಾಗದಲ್ಲಿ ಕೋಶಗಳ ನಡುವಿನ ಜಾಲವನ್ನು ಕರಗಿಸುವ ಕಿಣ್ವಗಳು ಚುರುಕಾಗಿ, ಕ್ಯಾನ್ಸರ್ ಕೋಶಕ್ಕೆ ಹೊರಗೆ ನುಗ್ಗಲು ದಾರಿ ಸಿಗುತ್ತದೆ. ಕ್ಯಾನ್ಸರ್ ಮೇಲೆ ದಾಳಿ ಮಾಡಬೇಕಾದ ಟಿ ಕೋಶಗಳೆಂಬ ಬಿಳಿ ರಕ್ತಕಣಗಳೂ ಗ್ಲೂಕೋಸ್ ಉರಿಸಿ ಲ್ಯಾಕ್ಟೇಟ್ ಹೊರಹಾಕುವಂಥವೇ. ಹೊರಗೆ ಈಗಾಗಲೇ ಅದು ತುಂಬಿದ್ದರೆ ಅವುಗಳಿಂದ ಹಾಕಲಾಗುವುದಿಲ್ಲ. ಒಳಗೆ ಕಟ್ಟಿಕೊಂಡು ಸುಸ್ತಾಗುತ್ತವೆ. ಅದೇ ಲ್ಯಾಕ್ಟೇಟ್ ಮ್ಯಾಕ್ರೋಫೇಜ್ ಎಂಬ ಇನ್ನೊಂದು ಬಗೆಯ ರಕ್ಷಣಾ ಕೋಶಗಳನ್ನು ಗಾಯ ಮಾಗಿಸುವ ಬಗೆಗೆ ತಿರುಗಿಸುತ್ತದೆ, ಅವು ಗಡ್ಡೆಗೆ ಹೊಸ ರಕ್ತನಾಳ ಬೆಳೆಸಿಕೊಡುತ್ತವೆ. ಆಮ್ಲಜನಕ ಸಿಗುವ ಅಂಚಿನ ಕ್ಯಾನ್ಸರ್ ಕೋಶಗಳು ಲ್ಯಾಕ್ಟೇಟನ್ನೇ ಇಂಧನವಾಗಿ ತೆಗೆದುಕೊಂಡು ಉರಿಸುವುದೂ ಉಂಟು. 2019ರಲ್ಲಿ ಇನ್ನೊಂದು ಸಂಗತಿ ಹೊರಬಂತು: ಲ್ಯಾಕ್ಟೇಟ್‌ನಿಂದ ಬಂದ ಗುಂಪು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳಿಗೆ ನೇರವಾಗಿ ಅಂಟಿಕೊಂಡು, ಯಾವ ಜೀನ್ ಓಡಬೇಕು ಎನ್ನುವುದನ್ನೇ ಬದಲಿಸುತ್ತದೆ. ಗರ್ಭಕಂಠದ ಕ್ಯಾನ್ಸರ್ ಗಡ್ಡೆಗಳಲ್ಲಿ ಅಳೆದು ನೋಡಿದಾಗ, ಲ್ಯಾಕ್ಟೇಟ್ ಹೆಚ್ಚಿದ್ದವರಲ್ಲಿ ಬೇರೆಡೆಗೆ ಹರಡುವುದೂ ಹೆಚ್ಚಿತ್ತು.

ಇದನ್ನು ಓದಿ ಮೊಸರು ನಿಲ್ಲಿಸಬೇಡಿ. ಮೊಸರಿನ ಹುಳಿಯೂ ಲ್ಯಾಕ್ಟಿಕ್ ಆಮ್ಲವೇ ಹೌದು. ಆದರೆ ಒಂದು ಬಟ್ಟಲು, ಅಂದರೆ 200 ಗ್ರಾಂ ಮೊಸರಿನಲ್ಲಿರುವುದು ಸುಮಾರು 2 ಗ್ರಾಂ. ವಯಸ್ಕರ ದೇಹ ದಿನವೊಂದಕ್ಕೆ ತಾನೇ ಸುಮಾರು 100 ಗ್ರಾಂ ಲ್ಯಾಕ್ಟೇಟ್ ಮಾಡಿ, ಯಕೃತ್ತು, ಹೃದಯ, ಮೂತ್ರಪಿಂಡಗಳಲ್ಲಿ ಅದನ್ನು ಖರ್ಚು ಮಾಡಿಬಿಡುತ್ತದೆ. ಬಿಳಿ ರಕ್ತಕಣ ತೀರಾ ಇಳಿದ ದಿನಗಳಲ್ಲಿ ಮನೆಯ ಮೊಸರು ಬೇಡ ಎಂದು ಆಸ್ಪತ್ರೆಯವರು ಹೇಳಿದ್ದರೆ ಅದು ಸೋಂಕಿನ ಎಚ್ಚರಿಕೆ, ಹುಳಿಗೆ ಸಂಬಂಧವಿಲ್ಲ.

ಸೋಡಾ ನೀರಿನ ಹಿಂದಿನ ತರ್ಕವೂ ಇದೇ ಹುಳಿಯಿಂದ ಬಂದದ್ದು: ಗಡ್ಡೆ ಆಮ್ಲದಲ್ಲಿ ಬೆಳೆಯುತ್ತದೆ, ಆದ್ದರಿಂದ ಮೈಯನ್ನು ಕ್ಷಾರ ಮಾಡಿಬಿಡೋಣ ಎಂದು. ಕಾರಣ ಮತ್ತು ಪರಿಣಾಮ ಇಲ್ಲಿ ಅದಲುಬದಲಾಗಿವೆ. ಆಮ್ಲ ಗಡ್ಡೆಯೇ ಮಾಡಿಕೊಂಡದ್ದು. ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರುವಂತೆ ಶ್ವಾಸಕೋಶ, ಮೂತ್ರಪಿಂಡ ಕ್ಷಣಕ್ಷಣವೂ ಸರಿಪಡಿಸುತ್ತವೆ. ಹೆಚ್ಚಾದ ಸೋಡಾ ಮೂತ್ರದಲ್ಲಿ ಹೋಗುತ್ತದೆ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ. ಕೀಮೋದಲ್ಲಿ ವಾಂತಿ ಆಗುತ್ತಿರುವವರಿಗೆ ಮೊದಲೇ ಪೊಟ್ಯಾಸಿಯಂ ಇಳಿದಿರಬಹುದು, ರಕ್ತ ಕ್ಷಾರದ ಕಡೆಗೆ ವಾಲಿರಬಹುದು. ಅದರ ಮೇಲೆ ಸೋಡಾ ಕೊಟ್ಟರೆ ಎರಡೂ ಇನ್ನಷ್ಟು ಕೆಡುತ್ತವೆ. ಹೃದಯದ ಬಡಿತ ತಪ್ಪುವವರೆಗೂ ಹೋಗಬಹುದು.

ಮೆಟಬೊಲೈಟ್ ಒಂದೇ ನಿಂತು ಕ್ಯಾನ್ಸರ್ ನಡೆಸುತ್ತದೆ ಎನ್ನುವುದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಸ್ತನದ್ದಲ್ಲ, ಮೆದುಳಿನದು. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಔಷಧಿ ಎಲ್ಲಿ ತಾಗಬೇಕು ಎನ್ನುವುದು ಅಲ್ಲಿ ಕಣ್ಣಿಗೆ ಕಾಣುವಷ್ಟು ನಿಚ್ಚಳವಾಗಿದೆ. ಐಡಿಎಚ್1 ಎಂಬ ಕಿಣ್ವದ ಕೆಲಸ ಐಸೊಸಿಟ್ರೇಟನ್ನು ಆಲ್ಫಾ-ಕೀಟೊಗ್ಲುಟರೇಟ್ ಮಾಡುವುದು. ಗ್ಲಯೋಮಾ ಎಂಬ ಮೆದುಳಿನ ಗಡ್ಡೆಗಳಲ್ಲಿ ಈ ಜೀನ್ ಕೆಟ್ಟಿರುವುದು 2008ರಲ್ಲಿ ಪತ್ತೆಯಾಯಿತು. ಕೆಟ್ಟಿರುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: 132ನೇ ಸ್ಥಾನದ ಆರ್ಜಿನಿನ್ ಹೋಗಿ ಹಿಸ್ಟಿಡಿನ್ ಬಂದಿರುತ್ತದೆ. ಹೀಗೆ ಬದಲಾದ ಕಿಣ್ವ ಆಲ್ಫಾ-ಕೀಟೊಗ್ಲುಟರೇಟನ್ನೇ ತೆಗೆದುಕೊಂಡು 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಇನ್ನೊಂದು ಅಣು ಮಾಡುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಮಾಮೂಲಿ ಕೋಶದಲ್ಲಿ ಅಳತೆಗೂ ಸಿಗದಷ್ಟು ಇರುವ ಆ ಅಣು ಈ ಗಡ್ಡೆಗಳಲ್ಲಿ ನೂರು ಪಟ್ಟಿಗೂ ಹೆಚ್ಚಾಗುತ್ತದೆ. ರೂಪದಲ್ಲಿ ಅದು ಆಲ್ಫಾ-ಕೀಟೊಗ್ಲುಟರೇಟ್‌ಗೆ ಬಹಳ ಹತ್ತಿರ. ಡಿಎನ್‌ಎ ಮೇಲಿನ, ಹಿಸ್ಟೋನ್ ಮೇಲಿನ, ಯಾವ ಜೀನ್ ಓಡಬೇಕು ಎಂದು ಹೇಳುವ ಮೀಥೈಲ್ ಗುರುತುಗಳನ್ನು ಅಳಿಸುವ ಕಿಣ್ವಗಳು ಕೆಲಸ ಮಾಡಲು ಆಲ್ಫಾ-ಕೀಟೊಗ್ಲುಟರೇಟ್ ಬೇಕು. ಆ ಜಾಗದಲ್ಲಿ 2-ಹೈಡ್ರಾಕ್ಸಿಗ್ಲುಟರೇಟ್ ಹೋಗಿ ಕೂತುಕೊಳ್ಳುತ್ತದೆ. ಗುರುತುಗಳು ಅಳಿಯದೆ ಗುಡ್ಡೆಯಾಗುತ್ತಾ ಹೋಗುತ್ತವೆ, ಬಲಿತು ಪಕ್ವವಾಗಬೇಕಾದ ಕೋಶ ಬಲಿಯದೆ ಎಳೆಯದಾಗಿಯೇ ಉಳಿದು ವಿಭಜನೆಯಾಗುತ್ತಲೇ ಇರುತ್ತದೆ. ಆ ಕಿಣ್ವವನ್ನು ತಡೆಯುವ ವೊರಾಸಿಡೆನಿಬ್ ಎಂಬ ಮಾತ್ರೆಯನ್ನು ಆಪರೇಶನ್ ಆಗಿದ್ದ, ನಿಧಾನವಾಗಿ ಬೆಳೆಯುವ ಎರಡನೇ ಗ್ರೇಡಿನ ಗ್ಲಯೋಮಾದವರಿಗೆ ಕೊಟ್ಟಾಗ, ಗಡ್ಡೆ ಮತ್ತೆ ಬೆಳೆಯದೆ ಉಳಿದ ಮಧ್ಯಮಾವಧಿ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 27.7 ತಿಂಗಳು, ಔಷಧಿಯಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ 11.1 ತಿಂಗಳು. 2024ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಊಟದಿಂದ ಈ ಅಣುವನ್ನು ಇಳಿಸಲು ಯಾವ ದಾರಿಯೂ ಇಲ್ಲ, ಏಕೆಂದರೆ ಅದು ಊಟದಿಂದ ಬಂದದ್ದೇ ಅಲ್ಲ.

ಸಕ್ಸಿನೇಟ್, ಫ್ಯೂಮರೇಟ್ ಎಂಬ ಇನ್ನೆರಡು ಅಣುಗಳ ಕಥೆಯೂ ಹೀಗೇ. ಅವುಗಳನ್ನು ಮುಂದಕ್ಕೆ ಸಾಗಿಸುವ ಕಿಣ್ವದ ಜೀನ್ ವಂಶದಲ್ಲೇ ಕೆಟ್ಟಿದ್ದರೆ ಅವು ಗುಡ್ಡೆಯಾಗಿ, ಆಮ್ಲಜನಕ ಇದ್ದರೂ ಇಲ್ಲವೆಂಬ ಸುಳ್ಳು ಸಂದೇಶ ಕೋಶಕ್ಕೆ ಹೋಗುತ್ತದೆ. ಸಕ್ಸಿನೇಟ್‌ನಿಂದ ಪ್ಯಾರಾಗ್ಯಾಂಗ್ಲಿಯೋಮಾ (ನರಕೋಶಗಳ ಗಂಟುಗಳಲ್ಲಿ ಹುಟ್ಟುವ ಗಡ್ಡೆ), ಫ್ಯೂಮರೇಟ್‌ನಿಂದ ಒಂದು ಬಗೆಯ ಉಗ್ರ ಮೂತ್ರಪಿಂಡ ಕ್ಯಾನ್ಸರ್ ಬರುತ್ತದೆ. ಅಂಥ ಮನೆತನದವರು ಜೀನ್ ಪರೀಕ್ಷೆ ಮಾಡಿಸಬೇಕು.

ಈಗ ಹರಡುವಿಕೆ. ಕ್ಯಾನ್ಸರ್ ಕೋಶ ಮೂಲ ಗಡ್ಡೆ ಬಿಟ್ಟು ರಕ್ತಕ್ಕೆ ಇಳಿದಾಗ ಹೆಚ್ಚಿನವು ಸಾಯುತ್ತವೆ. ಒಂದು ದೊಡ್ಡ ಕಾರಣ ಆಕ್ಸಿಡೇಟಿವ್ ಒತ್ತಡ, ಅಂದರೆ ಆಮ್ಲಜನಕದಿಂದ ಹುಟ್ಟುವ ಚುರುಕು ಅಣುಗಳು ಕೋಶಕ್ಕೆ ಮಾಡುವ ಹಾನಿ. ಮನುಷ್ಯರ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳನ್ನು ಇಲಿಗಳಲ್ಲಿ ಬೆಳೆಸಿ 2015ರಲ್ಲಿ ನೋಡಿದಾಗ, ರಕ್ತದಲ್ಲಿದ್ದ ಕೋಶಗಳಲ್ಲಿ ಈ ಒತ್ತಡ ಮೂಲ ಗಡ್ಡೆಗಿಂತ ಎಷ್ಟೋ ಹೆಚ್ಚಿತ್ತು. ಬದುಕಿ ಬೇರೆಡೆ ಬೇರೂರಿದವು ಅದನ್ನು ತಡೆದುಕೊಳ್ಳಲು ಎನ್‌ಎಡಿಪಿಎಚ್ ಎಂಬ ಅಣುವನ್ನು ಹೆಚ್ಚು ಮಾಡಿಕೊಂಡಿದ್ದವು. ಆ ಇಲಿಗಳಿಗೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಆ್ಯಂಟಿಆಕ್ಸಿಡೆಂಟ್ ಕೊಟ್ಟಾಗ ಹರಡುವಿಕೆ ಹೆಚ್ಚಾಯಿತು. ದಾರಿಯಲ್ಲಿ ಸಾಯಬೇಕಾಗಿದ್ದ ಕೋಶಗಳನ್ನು ಅದು ಉಳಿಸಿತ್ತು.

ಇದು ಇಲಿಯ ಮಾತು ಎಂದು ತಳ್ಳಿಹಾಕುವ ಹಾಗಿಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು: ದಿನಕ್ಕೆ 20 ಮಿಲಿಗ್ರಾಂ ಬೀಟಾ-ಕ್ಯಾರೊಟಿನ್ ಎಂಬ ಆ್ಯಂಟಿಆಕ್ಸಿಡೆಂಟ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ನಿಮ್ಮ ತಾಯಿಗೆ ಇನ್ನೂ ಹತ್ತಿರದ ಮಾಹಿತಿ ಅಮೆರಿಕದ ಎಸ್0221 ಎಂಬ ಸ್ತನ ಕ್ಯಾನ್ಸರ್ ಪ್ರಯೋಗದ್ದು, 2020ರಲ್ಲಿ ಪ್ರಕಟವಾಯಿತು. ಕೀಮೋಗೆ ಮೊದಲೂ ಕೀಮೋ ನಡೆಯುವಾಗಲೂ ವಿಟಮಿನ್ ಎ, ಸಿ, ಇ, ಕ್ಯಾರೊಟಿನಾಯ್ಡ್, ಕೋಎಂಜೈಮ್ ಕ್ಯೂ10 ಇವುಗಳಲ್ಲಿ ಯಾವುದಾದರೂ ತೆಗೆದುಕೊಂಡವರಲ್ಲಿ ಕ್ಯಾನ್ಸರ್ ಮರಳುವುದು ಹೆಚ್ಚಿನ ಕಡೆಗೆ ವಾಲಿತ್ತು. ಬಿ12 ಮತ್ತು ಕಬ್ಬಿಣದ ಮಾತ್ರೆ ತೆಗೆದುಕೊಂಡವರ ಫಲಿತಾಂಶವೂ ಚೆನ್ನಾಗಿರಲಿಲ್ಲ. ಚೀಟಿ ಎತ್ತಿ ಮಾತ್ರೆ ಹಂಚಿದ ಪ್ರಯೋಗ ಅಲ್ಲ ಅದು, ಯಾರು ಏನು ತೆಗೆದುಕೊಂಡರೆಂದು ಕೇಳಿ ಬರೆದುಕೊಂಡದ್ದು. ಹಾಗಾಗಿ ಮಾತ್ರೆಯೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೆ ಲಾಭ ಯಾವ ಕಡೆಯಿಂದಲೂ ಕಾಣದಿರುವಾಗ, ಹಾನಿಯ ಸುಳಿವು ಇಷ್ಟು ಇರುವಾಗ, ಕೀಮೋ ಮಧ್ಯೆ ಆ ಡಬ್ಬಿ ಮನೆಯಲ್ಲಿ ಇರಬಾರದು. ಹಣ್ಣು, ಸೊಪ್ಪು, ಅರಿಶಿನ ಹಾಕಿದ ಸಾರಿನಲ್ಲಿರುವಷ್ಟಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಕೇಂದ್ರೀಕರಿಸಿದ ಕ್ಯಾಪ್ಸೂಲ್‌ಗಳಿಗೆ ಅನ್ವಯಿಸುತ್ತದೆ, ಅರಿಶಿನದ ಕ್ಯಾಪ್ಸೂಲ್ ಸೇರಿ.

ಹೊಸ ಅಂಗಕ್ಕೆ ತಲುಪಿದ ಕೋಶಕ್ಕೆ ಅಲ್ಲಿ ಸಿಗುವ ಮೆಟಬೊಲೈಟ್‌ಗಳೇ ನೆಲೆ ಮಾಡಿಕೊಡುತ್ತವೆ. ಶ್ವಾಸಕೋಶದಲ್ಲಿ ಪೈರುವೇಟ್ ಧಾರಾಳವಾಗಿದೆ. ಇಲಿಗಳಲ್ಲಿ ಸ್ತನ ಕ್ಯಾನ್ಸರ್ ಕೋಶಗಳು ಅದನ್ನು ಎಳೆದುಕೊಂಡು ಆಲ್ಫಾ-ಕೀಟೊಗ್ಲುಟರೇಟ್ ಹೆಚ್ಚಿಸಿಕೊಳ್ಳುತ್ತವೆ, ಅದರಿಂದ ಕೊಲಾಜನ್ ಗಟ್ಟಿ ಮಾಡುವ ಕಿಣ್ವ ಚುರುಕಾಗುತ್ತದೆ, ಗಟ್ಟಿಯಾದ ಆ ಜಾಲದಲ್ಲಿ ಗಡ್ಡೆ ನೆಲೆಯೂರುತ್ತದೆ ಎಂದು 2019ರಲ್ಲಿ ತೋರಿಸಿದರು. ಪೈರುವೇಟ್ ಒಳಬರುವ ಬಾಗಿಲನ್ನು ತಡೆದಾಗ ಶ್ವಾಸಕೋಶದ ಗಡ್ಡೆಗಳು ಕಡಿಮೆಯಾದವು.

2018ರಲ್ಲಿ ಇನ್ನೊಂದು ಸುದ್ದಿ ಜಗತ್ತಿನಾದ್ಯಂತ ಸದ್ದು ಮಾಡಿತು: ಅಸ್ಪರಾಗಸ್ ತರಕಾರಿ ತಿಂದರೆ ಸ್ತನ ಕ್ಯಾನ್ಸರ್ ಹರಡುತ್ತದೆ ಎಂದು. ಅಸಲಿಗೆ ನಡೆದದ್ದು ಇಲಿಗಳಲ್ಲಿ. ಆಸ್ಪರಜಿನ್ ಎಂಬ ಅಮೈನೊ ಆಮ್ಲ ಕಡಿಮೆಯಾದಾಗ ಮೂಲ ಗಡ್ಡೆ ಅಷ್ಟೇ ಇದ್ದರೂ ಶ್ವಾಸಕೋಶಕ್ಕೆ ಹರಡುವುದು ಕುಗ್ಗಿತು. ಆದರೆ ಆಸ್ಪರಜಿನ್ ಬೇಳೆ, ಆಲೂಗಡ್ಡೆ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಎಲ್ಲದರಲ್ಲೂ ಇದೆ, ಸಾಲದ್ದಕ್ಕೆ ನಮ್ಮ ಮೈ ತಾನೇ ಮಾಡಿಕೊಳ್ಳುತ್ತದೆ. ಅದನ್ನು ಬಿಡಲು ಹೊರಟರೆ ಪ್ರೋಟೀನೇ ಬಿಡಬೇಕಾಗುತ್ತದೆ. ರಕ್ತದ ಆಸ್ಪರಜಿನ್ನನ್ನು ನಿಜವಾಗಿ ಸೊನ್ನೆಯ ಹತ್ತಿರಕ್ಕೆ ಇಳಿಸಲು ಆಸ್ಪರಜಿನೇಸ್ ಎಂಬ ಕಿಣ್ವವನ್ನು ಚುಚ್ಚಬೇಕು. ಮಕ್ಕಳ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ ಅದು ದಶಕಗಳಿಂದ ಜೀವ ಉಳಿಸುತ್ತಿದೆ, ಏಕೆಂದರೆ ಆ ಲ್ಯುಕೇಮಿಯಾ ಕೋಶಕ್ಕೆ ಆಸ್ಪರಜಿನ್ ಮಾಡಿಕೊಳ್ಳುವ ಶಕ್ತಿ ತೀರಾ ಕಡಿಮೆ. ಅಲರ್ಜಿ, ಮೇದೋಜೀರಕ ಗ್ರಂಥಿಯ ಉರಿಯೂತ, ರಕ್ತ ಹೆಪ್ಪುಗಟ್ಟುವುದು ಅದರ ಅಪಾಯಗಳು. ಹಾಗಾಗಿ ಅದು ಆಸ್ಪತ್ರೆಯಲ್ಲೇ ನಡೆಯುವ ಕೆಲಸ.

ಕೊಬ್ಬಿನ ವಿಷಯದಲ್ಲಿ ಮಾತ್ರ ಅಡುಗೆಮನೆಗೆ ಸ್ವಲ್ಪ ಸಂಬಂಧ ಇದೆ ಎನ್ನಬಹುದು. ಬಾಯಿಯ ಕ್ಯಾನ್ಸರ್ ಕೋಶಗಳಲ್ಲಿ ಹರಡುವ ಶಕ್ತಿ ಇರುವವು ಸಿಡಿ36 ಎಂಬ, ಕೊಬ್ಬಿನಾಮ್ಲ ಒಳಗೆ ಎಳೆಯುವ ಪ್ರೋಟೀನ್ ಹೊತ್ತಿರುತ್ತವೆ ಎಂದು ಬಾರ್ಸಿಲೋನದ ವಿಜ್ಞಾನಿಗಳು ತೋರಿಸಿದರು. 2021ರಲ್ಲಿ ಅವರದೇ ಇನ್ನೊಂದು ಕೆಲಸ: ಇಲಿಗಳಿಗೆ ಪಾಲ್ಮಿಟಿಕ್ ಆಮ್ಲ ಹೆಚ್ಚಿರುವ ಪಾಮ್ ಎಣ್ಣೆಯ ಆಹಾರ ಕೊಟ್ಟಾಗ ಗಡ್ಡೆ ಹೆಚ್ಚು ಹರಡಿತು, ಆ ಗಡ್ಡೆಯನ್ನು ತೆಗೆದು ಮಾಮೂಲಿ ಆಹಾರದ ಇಲಿಗೆ ಹಾಕಿದರೂ ಹರಡುವ ಗುಣ ಉಳಿಯಿತು. ಓಲಿಯಿಕ್, ಲಿನೋಲಿಯಿಕ್ ಆಮ್ಲಗಳಿಂದ ಹಾಗಾಗಲಿಲ್ಲ. ಪಾಮ್ ಎಣ್ಣೆಯಲ್ಲಿ ಪಾಲ್ಮಿಟಿಕ್ ಆಮ್ಲ ಶೇ 44ರ ಸುತ್ತಮುತ್ತ, ತುಪ್ಪದಲ್ಲಿ ಶೇ 25–30, ಕಡಲೆಕಾಯಿ ಎಣ್ಣೆಯಲ್ಲಿ ಶೇ 10ರಷ್ಟು, ಸೂರ್ಯಕಾಂತಿ ಎಣ್ಣೆಯಲ್ಲಿ ಅದಕ್ಕಿಂತ ಕಡಿಮೆ. ಮನುಷ್ಯರಲ್ಲಿ ಇದೇ ಆಗುತ್ತದೆ ಎಂದು ಇನ್ನೂ ತೋರಿಸಿಲ್ಲ, ದೇಹ ತಾನೂ ಪಾಲ್ಮಿಟಿಕ್ ಆಮ್ಲ ಮಾಡಿಕೊಳ್ಳುತ್ತದೆ. ಆದರೂ ಮನೆಗೆ ಕಡಲೆಕಾಯಿ ಎಣ್ಣೆ ತರುವುದು, ಬೇಕರಿ ತಿಂಡಿ, ಪ್ಯಾಕೆಟ್ ಕುರುಕಲು, ವನಸ್ಪತಿ ಕಡಿಮೆ ಮಾಡುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಊಟ ಸೇರದ ಅಮ್ಮನ ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕುವುದಕ್ಕೆ ನನ್ನ ತಕರಾರಿಲ್ಲ.

ಸ್ತನ ಕ್ಯಾನ್ಸರ್‌ಗೆ ನೇರವಾಗಿ ಸಂಬಂಧಪಟ್ಟ ಅಣು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್. ಮುಟ್ಟು ನಿಂತ ಮೇಲೆ ಅದು ಮುಖ್ಯವಾಗಿ ತಯಾರಾಗುವುದು ಕೊಬ್ಬಿನ ಕೋಶಗಳಲ್ಲಿ, ಅರೊಮಟೇಸ್ ಎಂಬ ಕಿಣ್ವದಿಂದ. ಅಮ್ಮನ ಬಯಾಪ್ಸಿ ವರದಿಯಲ್ಲಿ ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್ ಎಂದಿದ್ದರೆ ಕೀಮೋ ಮುಗಿದ ಮೇಲೆ ಆ ಕಿಣ್ವವನ್ನು ತಡೆಯುವ ಲೆಟ್ರೋಜೋಲ್ 2.5 ಮಿಲಿಗ್ರಾಂ ಅಥವಾ ಅನಾಸ್ಟ್ರೋಜೋಲ್ 1 ಮಿಲಿಗ್ರಾಂ ದಿನಕ್ಕೊಂದು ಮಾತ್ರೆ ಬರೆದುಕೊಡುವ ಸಾಧ್ಯತೆ ಹೆಚ್ಚು. ಮೆಟಬೊಲೈಟ್ ಮಟ್ಟ ಇಳಿಸಿ ಕ್ಯಾನ್ಸರ್ ಮರಳದಂತೆ ತಡೆಯುವ ಚಿಕಿತ್ಸೆಗಳಲ್ಲಿ ಇಷ್ಟು ಗಟ್ಟಿ ಪುರಾವೆ ಇರುವುದು ಅಪರೂಪ. ಐದು ವರ್ಷ ನಿಲ್ಲಿಸದೆ ನುಂಗುವುದು ಸಕ್ಕರೆ ಬಿಡುವುದಕ್ಕಿಂತ ಎಷ್ಟೋ ಪಾಲು ಮುಖ್ಯ. ಕೀಲು ನೋವು ಬಂದು ಅರ್ಧಕ್ಕೆ ಬಿಡುವವರು ಬಹಳ. ನೋವು ಬಂದರೆ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಿಸುವ ದಾರಿ ಇದೆ.

ಕಾಗದದ ಮೇಲೆ ಸರಿಯಾಗಿ ಕಂಡ ಎಲ್ಲ ಉಪಾಯವೂ ರೋಗಿಗಳಲ್ಲಿ ಫಲಿಸಲಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇನ್ಸುಲಿನ್ ಇಳಿಸುತ್ತದೆ, ಸ್ತನ ಕ್ಯಾನ್ಸರ್ ಮರಳದಂತೆ ತಡೆಯಬಹುದು ಎಂಬ ದೊಡ್ಡ ಆಸೆ ಇತ್ತು. ಡಯಾಬಿಟಿಸ್ ಇಲ್ಲದ 3,649 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 850 ಮಿಲಿಗ್ರಾಂ ದಿನಕ್ಕೆರಡು ಸಲ, ಐದು ವರ್ಷ, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ ಕೊಡುವ ಪ್ರಯೋಗ ಮಾಡಿದರು. 2022ರಲ್ಲಿ ಬಂದ ಫಲಿತಾಂಶದಲ್ಲಿ ಮುಖ್ಯ ಗುಂಪಿನಲ್ಲಿ ಪ್ರಯೋಜನ ಕಾಣಲಿಲ್ಲ. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ಆಗುವ ಕೈನುರೆನಿನ್ ಟಿ ಕೋಶಗಳನ್ನು ಮಲಗಿಸುತ್ತದೆ ಎಂದು ಆ ದಾರಿ ತಡೆಯುವ ಎಪಕಡೋಸ್ಟಾಟ್ ತಂದರು. 2018ರಲ್ಲಿ ಮೆಲನೋಮದ ದೊಡ್ಡ ಪ್ರಯೋಗದಲ್ಲಿ ಅದೂ ಸೋತಿತು. ಒಂದು ದಾರಿ ಮುಚ್ಚಿದರೆ ಗಡ್ಡೆ ಇನ್ನೊಂದನ್ನು ಹಿಡಿಯುತ್ತದೆ. ಇದನ್ನೆಲ್ಲ ಹೇಳುತ್ತಿರುವುದು, ಮೆಟ್‌ಫಾರ್ಮಿನ್‌ನಂಥ ಮಾತ್ರೆಯನ್ನು ಅಂಗಡಿಯಿಂದ ತಂದು ಅಮ್ಮನಿಗೆ ಕೊಡುವ ಯೋಚನೆ ಯಾರಿಗೂ ಬರಬಾರದು ಎಂದು.

ಇನ್ನು ಅಮ್ಮನ ಊಟ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ದಿನಕ್ಕೆ ಕಿಲೊ ತೂಕಕ್ಕೆ 25–30 ಕ್ಯಾಲೊರಿ, 1.2–1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೊಗೆ 1,250ರಿಂದ 1,500 ಕ್ಯಾಲೊರಿ, 60–75 ಗ್ರಾಂ ಪ್ರೋಟೀನ್. ಕಳೆದುಕೊಂಡದ್ದು ಮರಳಬೇಕಾದ್ದರಿಂದ ಕ್ಯಾಲೊರಿಯಲ್ಲಿ ದೊಡ್ಡ ಅಂಕಿ ಹಿಡಿಯಿರಿ. ಲೆಕ್ಕ ಹೀಗೆ ಬರುತ್ತದೆ: ಅಕ್ಕಿ ಅಥವಾ ರಾಗಿ ಹಸಿ ತೂಕದಲ್ಲಿ 150 ಗ್ರಾಂ, ಬೇಳೆ 60 ಗ್ರಾಂ, ಹಾಲು 400 ಮಿಲಿ, ಮೊಸರು ಒಂದು ಬಟ್ಟಲು, ಎರಡು ಮೊಟ್ಟೆ, ಹುರಿದ ಕಡಲೆಕಾಯಿ ಒಂದು ಹಿಡಿ, ಎಣ್ಣೆ ಮೂರು ಟೀ ಚಮಚ. ಪ್ರೋಟೀನ್ 60 ಗ್ರಾಂ ದಾಟುತ್ತದೆ, ಕ್ಯಾಲೊರಿ 1,500ರ ಆಸುಪಾಸು. ಮೊಟ್ಟೆ ತಿನ್ನದಿದ್ದರೆ 75 ಗ್ರಾಂ ಪನೀರ್. ಒಂದೇ ಸಲಕ್ಕೆ ಸೇರುವುದಿಲ್ಲ ಎಂದರೆ ಆರು ಸಲ ಮಾಡಿ. ಕೀಮೋ ಆದ ಮೂರು ನಾಲ್ಕು ದಿನ ಗಂಜಿ, ಅಂಬಲಿ, ಮೆತ್ತಗಿನ ಪೊಂಗಲ್ ಮಾತ್ರ ಹೋದರೆ ಅದರಲ್ಲೇ ಬೇಳೆ, ಹಾಲಿನ ಪುಡಿ ಸೇರಿಸಿ.

ಸಕ್ಕರೆಯ ಎಚ್ಚರಿಕೆ ಒಂದು ಕಡೆ ಮಾತ್ರ ಬೇಕು: ಅಮ್ಮನಿಗೆ ಡಯಾಬಿಟಿಸ್ ಇದ್ದರೆ, ಅಥವಾ ವಾಂತಿ ಮತ್ತು ಅಲರ್ಜಿ ತಡೆಯಲು ಕೀಮೋ ಜೊತೆ ಕೊಡುವ ಡೆಕ್ಸಮೆಥಸೋನ್‌ನಿಂದ ಸಕ್ಕರೆ ಏರುತ್ತಿದ್ದರೆ. ಆಗ ಗ್ಲೂಕೋಮೀಟರಿನಲ್ಲಿ ಕೀಮೋ ದಿನ ಮತ್ತು ನಂತರದ ಎರಡು ಮೂರು ದಿನ ನೋಡಿಕೊಳ್ಳಿ, 200 ದಾಟುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಇದು ಗಡ್ಡೆಗಿಂತ ಹೆಚ್ಚಾಗಿ ಸೋಂಕಿಗೆ ಸಂಬಂಧಪಟ್ಟ ಕಾಳಜಿ.

ಬಿ12 ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಅದರಲ್ಲೂ ಸಸ್ಯಾಹಾರಿ ಮನೆಯಾದರೆ. ಬಿ12 ಕೊರತೆ ಇದ್ದಾಗ ಮೀಥೈಲ್‌ಮಲೋನಿಕ್ ಆಮ್ಲ ರಕ್ತದಲ್ಲಿ ಏರುತ್ತದೆ. ವಯಸ್ಸಾದವರ ರಕ್ತದಲ್ಲಿ ಈ ಅಣು ಹೆಚ್ಚಿರುತ್ತದೆ, ಅದು ಕ್ಯಾನ್ಸರ್ ಕೋಶಕ್ಕೆ ಹರಡುವ ಗುಣ ಕೊಡಬಲ್ಲದು ಎಂದು 2020ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಹಾಗೆಂದು ಎಲ್ಲರಿಗೂ ಬಿ12 ಇಂಜೆಕ್ಷನ್ ಕೊಡುವುದಲ್ಲ. ಮೇಲೆ ಹೇಳಿದ ಅಮೆರಿಕದ ಮಾಹಿತಿ ಎದುರಿಗೇ ಇದೆ. ರಕ್ತ ಪರೀಕ್ಷೆ ಮಾಡಿಸಿ, ನಿಜವಾಗಿ ಕೊರತೆ ಇದ್ದರೆ ಡಾಕ್ಟರು ಹೇಳಿದಷ್ಟೇ ಕೊಡಿ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ನಡೆಯುತ್ತಿದ್ದು ಬೆರಳು, ಅಂಗಾಲು ಜೋಮು ಹಿಡಿಯುತ್ತಿದ್ದರೆ ಈ ಪರೀಕ್ಷೆ ತಪ್ಪಿಸಬೇಡಿ, ಏಕೆಂದರೆ ಬಿ12 ಕೊರತೆಯ ಜೋಮೂ ಹಾಗೇ ಇರುತ್ತದೆ. ಮುಂದೆ ಎಂದಾದರೂ ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆ ಶುರುವಾದರೆ ಫೋಲಿಕ್ ಆಮ್ಲ ಇರುವ ಮಲ್ಟಿವಿಟಮಿನ್‌ಗಳನ್ನು ಕೇಳದೆ ಕೊಡಬೇಡಿ. ಅಂಗೈ ಅಂಗಾಲು ಸುಲಿಯುವುದು, ಭೇದಿ ಜೋರಾಗುತ್ತದೆ.

ಮತ್ತೆ ಪೆಟ್ ಸ್ಕ್ಯಾನ್ ಮಾಡಿಸುವ ದಿನ ಬಂದರೆ: ಕನಿಷ್ಠ 6 ಗಂಟೆ ಉಪವಾಸ, ಬರೀ ನೀರು ಕುಡಿಯಬಹುದು. ಹಿಂದಿನ ದಿನ ಜೋರು ನಡಿಗೆ, ಭಾರ ಎತ್ತುವುದು ಬೇಡ, ಸ್ನಾಯು ಹೊಳೆಯುತ್ತದೆ. ಚಳಿ ಆಗದಂತೆ ಶಾಲು ಹೊದಿಸಿ ಕರೆದೊಯ್ಯಿರಿ. ಚಳಿಗೆ ಕತ್ತಿನ ಸುತ್ತಲಿನ ಕಂದು ಕೊಬ್ಬು ಗ್ಲೂಕೋಸ್ ಎಳೆದು ಗ್ರಂಥಿಯಂತೆ ಕಾಣಬಹುದು. ಇನ್ಸುಲಿನ್, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳಬೇಕು. ಇಂಜೆಕ್ಷನ್ ಆದ ಮೇಲಿನ ಒಂದು ಗಂಟೆ ಮಾತಿಲ್ಲದೆ ಮಲಗಿರಲಿ.

ತೂಕವನ್ನು ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ, ಬೆಳಿಗ್ಗೆ ತಿಂಡಿಗೆ ಮೊದಲು ನೋಡಿ ಬರೆದಿಡಿ. ಊಟ ಮರಳಿ ಶುರುವಾದ ಮೇಲೂ ಎರಡು ವಾರದಲ್ಲಿ ತೂಕ 50ರಿಂದ ಕೆಳಗೆ ಹೋದರೆ ಮುಂದಿನ ಕೀಮೋವರೆಗೆ ಕಾಯದೆ ಆಸ್ಪತ್ರೆಯ ಡಯಟೀಶಿಯನ್ನರನ್ನು ನೋಡಿ. ಬಾಯಿ ಹುಣ್ಣು, ಮಲಬದ್ಧತೆ, ಹಿಡಿತಕ್ಕೆ ಬಾರದ ವಾಕರಿಕೆ ಇದ್ದರೆ ಅದನ್ನೂ ಹೇಳಿ. ಹೆಚ್ಚಿನವರ ಊಟ ನಿಲ್ಲುವುದು ಅವುಗಳಿಂದ, ಮತ್ತು ಅವುಗಳಿಗೆ ಔಷಧಿ ಇದೆ.